ತುರಿಕೆಯ ವೇದನೆ, ಕೆರೆತದ ಸುಖ



ಸಾಮಾಯಿಕಕ್ಕೆ ಕುಳಿತು ಅಭ್ಯಾಸವುಳ್ಳವರೆಲ್ಲರೂ ಬಲ್ಲ ಒಂದು ಸಂಗತಿಯಿಂದ ಪ್ರಾರಂಭಿಸುತ್ತೇನೆ. ನಾಲ್ಕು ದಿಕ್ಕುಗಳಿಗೂ ವಂದಿಸಿ, ಕಾಲನಿಯಮ ಮಾಡಿಕೊಂಡು, ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಮೂಗಿನ ತುದಿಯಲ್ಲಿಯೋ ಬೆನ್ನಿನ ನಡುವಿನಲ್ಲಿಯೋ ತುರಿಕೆ ಏಳುತ್ತದೆ. ಕೆರೆದುಕೊಂಡರೆ ದೇಹದ ನಿಶ್ಚಲತೆ ಕೆಡುತ್ತದೆ. ಕಾಯೋತ್ಸರ್ಗದ ದೋಷಗಳಲ್ಲಿ ಅಂಗವನ್ನು ಮುಟ್ಟಿಕೊಳ್ಳುವುದೂ ಒಂದೆಂದು ಆಚಾರ್ಯರು ಎಣಿಸಿದ್ದಾರೆ. ಕೆರೆಯದೆ ಕುಳಿತರೆ, ಪಂಚಪರಮೇಷ್ಠಿಗಳಲ್ಲಿ ನಿಲ್ಲಬೇಕಾದ ಮನಸ್ಸು ಆ ಬೆರಳಗಲದ ಚರ್ಮದಲ್ಲಿಯೇ ನಿಂತುಬಿಡುತ್ತದೆ. 48 ನಿಮಿಷಗಳ ಸಾಮಾಯಿಕದಲ್ಲಿ ಹಸಿವು ಬಾಧಿಸುವುದು ಅಪರೂಪ, ಬಾಯಾರಿಕೆ ಬಾಧಿಸುವುದೂ ಅಪರೂಪ. ತುರಿಕೆ ಮಾತ್ರ ಕರೆಯದೆ ಬರುವ ಅತಿಥಿ.

ಅಲ್ಪವೆಂದು ತೋರುವ ಈ ಬಾಧೆಯನ್ನು ನಮ್ಮ ಪೂರ್ವಾಚಾರ್ಯರು ಅಲ್ಪವೆಂದು ಬಗೆಯಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ರಚಿಸಿದ ಪೂಜ್ಯಪಾದಾಚಾರ್ಯರು ಎರಡು ಕಡೆ ತುರಿಕೆಯ ಮಾತನ್ನೆತ್ತಿದ್ದಾರೆ. 9ನೆಯ ಅಧ್ಯಾಯದಲ್ಲಿ 22 ಪರೀಷಹಗಳನ್ನು ವಿವರಿಸುವಾಗ ಮಲಪರೀಷಹದ ಪ್ರಸಂಗ ಬರುತ್ತದೆ. ಸ್ನಾನವನ್ನು ಜೀವನಪರ್ಯಂತ ತ್ಯಜಿಸಿದ ಮುನಿಯ ಬೆವರಿದ ಮೈಗೆ ಗಾಳಿ ತಂದ ಧೂಳು ಮೆತ್ತಿ, ಚಿಬ್ಬು, ಕಜ್ಜಿ, ಗಜಕರ್ಣಗಳೆದ್ದು ತುರಿಕೆಯುಂಟಾದರೂ ಆತನು ಕೆರೆಯುವುದಿಲ್ಲ, ಉಜ್ಜುವುದಿಲ್ಲ ಎಂಬುದು ಅಲ್ಲಿಯ ತಾತ್ಪರ್ಯ. 7ನೆಯ ಅಧ್ಯಾಯದಲ್ಲಿ ಮತ್ತೊಂದು ಪ್ರಸಂಗ. ವಿಷಯಭೋಗದಲ್ಲಿ ಸುಖವುಂಟಲ್ಲವೇ ಎಂಬ ಶಂಕೆಗೆ, ಅದು ಸುಖವಲ್ಲ, ವೇದನೆಯ ಪ್ರತೀಕಾರ ಮಾತ್ರ, ಕಜ್ಜಿಯನ್ನು ಕೆರೆದುಕೊಂಡಂತೆ ಎಂದು ಆಚಾರ್ಯರು ಸಮಾಧಾನ ಹೇಳುತ್ತಾರೆ.

ಈ ದೃಷ್ಟಾಂತವನ್ನು ಎಷ್ಟೋ ವರ್ಷಗಳಿಂದ ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ನಾನು ಹೇಳುತ್ತ ಬಂದಿದ್ದೇನೆ. ಆದರೆ ಹೇಳುವುದು ಬೇರೆ, ತಿಳಿದು ಹೇಳುವುದು ಬೇರೆ. ನನಗೆ ಈ ಭೇದವನ್ನು ಕಲಿಸಿದವರು ನನ್ನ ಸೋದರತ್ತೆಯವರು. ಅವರ ವೃತ್ತಾಂತವನ್ನು ಇಲ್ಲಿ ಹೇಳುವುದು ನನ್ನ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿ. ಮತ್ತೊಂದು ಮನೆಯಲ್ಲಿ ಅದೇ ತಪ್ಪು ನಡೆಯಬಾರದೆಂಬುದಕ್ಕಾಗಿ.

ಅತ್ತೆಯವರ ವೃತ್ತಾಂತ

ಅತ್ತೆಯವರು ವ್ರತನಿಯಮಗಳಲ್ಲಿ ಬಲು ಗಟ್ಟಿಗರು. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ, ಉಳಿದಂತೆ ಹಲವು ದಿನ ಏಕಾಶನ, ಸೂರ್ಯಾಸ್ತವಾದ ಮೇಲೆ ನೀರಿನ ಹನಿಯೂ ಇಲ್ಲ. ಹಿಡಿದ ನೋಂಪಿಯನ್ನು ಉದ್ಯಾಪನೆಯಾಗುವವರೆಗೆ ಬಿಟ್ಟವರಲ್ಲ. ಅರವತ್ತು ದಾಟಿದ ಮೇಲೆ ಒಂದು ವರ್ಷ ಅವರಿಗೆ ಮೈತುರಿಕೆ ಪ್ರಾರಂಭವಾಯಿತು. ಚರ್ಮದ ಮೇಲೆ ಗುಳ್ಳೆಯಿಲ್ಲ, ಕಲೆಯಿಲ್ಲ, ಕಜ್ಜಿಯಿಲ್ಲ. ಮೊದಲು ಬೆನ್ನು, ಆಮೇಲೆ ತೋಳು, ಆಮೇಲೆ ಸರ್ವಾಂಗ. ಹಗಲು ಹೇಗೋ ಸಹಿಸುತ್ತಿದ್ದರು, ರಾತ್ರಿ ನಿದ್ರೆಯಿರಲಿಲ್ಲ. ಬೇವಿನ ಎಲೆಯ ನೀರಾಯಿತು, ಅರಿಸಿನವಾಯಿತು, ಎಣ್ಣೆಯಾಯಿತು. ಮನೆಯವರು, ‘ಮೈಮೇಲೆ ಏನೂ ಇಲ್ಲ, ಎಲ್ಲ ಮನಸ್ಸಿನ ಕಲ್ಪನೆ’ ಎಂದರು. ‘ಕೆರೆಯಬೇಡಿ’ ಎಂದು ದಿನಕ್ಕೆ ಹತ್ತು ಬಾರಿ ಹೇಳಿದರು. ಕೆರೆದು ಕೆರೆದು ಮೊಣಕೈಗಳಲ್ಲಿ ರಕ್ತ ಬಂದಾಗ, ಬಸದಿಗೆ ಬಂದ ಒಬ್ಬಿಬ್ಬರು ಅವರ ಪಕ್ಕದಲ್ಲಿ ಕೂಡಲು ಹಿಂಜರಿದರು.

ಆ ಸಮಯದಲ್ಲಿ ಒಂದು ದಿನ ಅವರು ನನ್ನನ್ನು ಕೇಳಿದರು: ‘ಅಪ್ಪಾ, ಸಾಮಾಯಿಕದಲ್ಲಿ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಏನು ಮಾಡಲಿ?’ ನಾನು ಪಂಡಿತನೆಂಬ ಹಮ್ಮಿನಿಂದ ಪೂಜ್ಯಪಾದರ ದೃಷ್ಟಾಂತವನ್ನೇ ಹೇಳಿದೆ. ‘ಅತ್ತೆ, ಅಸಾತಾವೇದನೀಯ ಕರ್ಮದ ಉದಯ, ಶಾಂತಭಾವದಿಂದ ಅನುಭವಿಸಿದರೆ ನಿರ್ಜರೆ. ದೇಹದ ಮೋಹವನ್ನು ಕಡಿಮೆ ಮಾಡಿಕೊಳ್ಳಿ’ ಎಂದೆ. ಅವರು ತಲೆಯಾಡಿಸಿ ಹೋದರು. ಉಪವಾಸಗಳನ್ನು ಇನ್ನೂ ಹೆಚ್ಚಿಸಿದರು. ನೀರನ್ನೂ ಬಿಟ್ಟು ಮಾಡತೊಡಗಿದರು.

ನಾಲ್ಕು ತಿಂಗಳ ತರುವಾಯ ಕಾಲು ಊದಿಕೊಂಡು, ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದಾಗ ರಕ್ತಪರೀಕ್ಷೆಯಲ್ಲಿ ಸತ್ಯ ಹೊರಬಂತು. ಎರಡು ಮೂತ್ರಪಿಂಡಗಳೂ ಬಹುಮಟ್ಟಿಗೆ ಸೋತಿದ್ದವು. ಬಹುಕಾಲದಿಂದ ಗಮನಕ್ಕೆ ಬಾರದೆ ಇದ್ದ ರಕ್ತದೊತ್ತಡ ಅದಕ್ಕೆ ಮೂಲಕಾರಣ. ಉಪವಾಸದಿಂದ ಬಂದ ರೋಗವಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಆದರೆ ಆಗಲೇ ದುರ್ಬಲವಾಗಿದ್ದ ಮೂತ್ರಪಿಂಡಗಳಿಗೆ ನಿರ್ಜಲ ಉಪವಾಸಗಳು ಹಾನಿ ಮಾಡಿದವು ಎಂಬುದನ್ನೂ ಮರೆಮಾಚಲಿಲ್ಲ. ‘ತುರಿಕೆಯೇ ನಿಮಗೆ ಬಂದ ಪತ್ರ, ನೀವು ಅದನ್ನು ಒಡೆದು ಓದಲಿಲ್ಲ’ ಎಂದು ಆ ವೈದ್ಯರು ನನಗೆ ಹೇಳಿದ ಮಾತು ಇಂದಿಗೂ ಮನಸ್ಸಿನಲ್ಲಿ ಚುಚ್ಚುತ್ತಿದೆ.

ಚರ್ಮದಿಂದ ಮಿದುಳಿನವರೆಗೆ

ಅಂದಿನಿಂದ ತುರಿಕೆಯೆಂದರೇನೆಂದು ತಿಳಿಯುವ ಪ್ರಯತ್ನ ಮಾಡಿದೆ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

1660ರಲ್ಲಿ ಜರ್ಮನಿಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್ ಎಂಬ ವೈದ್ಯನು, ಕೆರೆಯಬೇಕೆಂಬ ಇಚ್ಛೆಯನ್ನು ಹುಟ್ಟಿಸುವ ಅಹಿತವಾದ ಸಂವೇದನೆಯೇ ತುರಿಕೆ ಎಂದು ಲಕ್ಷಣ ಹೇಳಿದನು. ಇಂದಿಗೂ ವೈದ್ಯರು ಇದನ್ನೇ ಹೇಳುತ್ತಾರೆ. ಈ ಲಕ್ಷಣದಲ್ಲಿ ಚರ್ಮದ ಹೆಸರಿಲ್ಲವೆಂಬುದನ್ನು ಗಮನಿಸಬೇಕು. ಸಂವೇದನೆ ಮತ್ತು ಇಚ್ಛೆ, ಎರಡೇ ಅಂಶಗಳು. ಸಂವೇದನೆಯನ್ನು ಒಯ್ಯುವುದು ನರ. ಇಚ್ಛೆ ಏಳುವುದು ಮಿದುಳಿನ ವ್ಯಾಪಾರದಲ್ಲಿ. ತುರಿಕೆ ಚರ್ಮದಲ್ಲಿ ತೋರಿದರೂ ನರಮಂಡಲವಿಲ್ಲದೆ ತುರಿಕೆಯೇ ಇಲ್ಲ.

ನಮ್ಮ ಚರ್ಮದಲ್ಲಿ ಅತಿ ಸೂಕ್ಷ್ಮವಾದ ನರತಂತುಗಳು ಹರಡಿಕೊಂಡಿವೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ತಂತುಗಳು ಸೆಕೆಂಡಿಗೆ 35 ಮೀಟರಿಗೂ ಮೀರಿದ ವೇಗದಲ್ಲಿ ಕೆಲಸ ಮಾಡುತ್ತವೆ. ತುರಿಕೆಯ ತೆಳು ತಂತುಗಳದು ಸೆಕೆಂಡಿಗೆ ಸುಮಾರು 1 ಮೀಟರಿನ ಮಂದಗತಿ. ಸೊಳ್ಳೆ ಕುಳಿತದ್ದು ಒಡನೆಯೇ ತಿಳಿದರೂ ತುರಿಕೆ ನಿಧಾನವಾಗಿ ಏರುವುದಕ್ಕೆ ಇದೂ ಒಂದು ಕಾರಣ. ಆ ಸುದ್ದಿ ಬೆನ್ನುಹುರಿಯನ್ನು ಸೇರಿ, ಅಲ್ಲಿ ಬೇರೆ ನರಕೋಶಗಳಿಗೆ ವರ್ಗವಾಗಿ, ಮಿದುಳಿಗೆ ಏರುತ್ತದೆ. ಬಹುಕಾಲ ವಿದ್ವಾಂಸರು ತುರಿಕೆಯನ್ನು ನೋವಿನ ಮಂದರೂಪವೆಂದೇ ಎಣಿಸಿದ್ದರು. 1997ರಲ್ಲಿ ಜರ್ಮನಿಯ ಸಂಶೋಧಕರು, ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ದ್ರವ್ಯಕ್ಕೆ ವಿಶೇಷವಾಗಿ ಸ್ಪಂದಿಸುವ ನರತಂತುಗಳನ್ನು ಮನುಷ್ಯರ ಚರ್ಮದಲ್ಲಿಯೇ ಗುರುತಿಸಿದ ಮೇಲೆ, ತುರಿಕೆಗೆ ತನ್ನದೇ ಆದ ದಾರಿಯುಂಟೆಂಬುದು ದೃಢವಾಯಿತು.

ಆ ದಾರಿಯೂ ಒಂದೇ ಅಲ್ಲ. ನಮ್ಮ ಹಳ್ಳಿಗಳ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಕಾಯಿಯನ್ನು ಬಾಲ್ಯದಲ್ಲಿ ಮುಟ್ಟಿ ಅತ್ತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅದರ ರೋಮಗಳಲ್ಲಿ ಪ್ರೋಟೀನನ್ನು ಒಡೆಯುವ ದ್ರವ್ಯವೊಂದಿದೆಯೆಂದೂ ತುರಿಕೆಗೆ ಅದೇ ಕಾರಣವೆಂದೂ 1955ರಲ್ಲಿ ಅಮೆರಿಕದ ಶೆಲ್ಲಿ ಮತ್ತು ಆರ್ಥರ್ ಎಂಬ ಸಂಶೋಧಕರು ತೋರಿಸಿದರು. ಹಿಸ್ಟಮಿನ್ನಿನ ತುರಿಕೆ ಒಂದು ಬಗೆಯ ತಂತುಗಳಲ್ಲಿ, ನಸುಗುನ್ನಿಯ ತುರಿಕೆ ಮತ್ತೊಂದು ಬಗೆಯ ತಂತುಗಳಲ್ಲಿ ಸಾಗುತ್ತದೆಂಬುದು 2008ರ ಹೊತ್ತಿಗೆ ತಿಳಿದುಬಂತು. ಪಿತ್ತಗಂಧೆಗೆ ಕೊಡುವ ಮಾತ್ರೆ ಹಿಸ್ಟಮಿನ್ನನ್ನು ತಡೆಯುತ್ತದೆ. ದೀರ್ಘಕಾಲದ ತುರಿಕೆಗಳಲ್ಲಿ ಹಲವು ಹಿಸ್ಟಮಿನ್ನಿನ ದಾರಿಯಲ್ಲಿ ಬರುವುದೇ ಇಲ್ಲವಾದ್ದರಿಂದ, ಆ ಮಾತ್ರೆಯನ್ನು ನುಂಗಿಯೂ ಗುಣ ಕಾಣದವರು ‘ಇವರ ತುರಿಕೆ ಸುಳ್ಳು’ ಎಂಬ ಅಪವಾದಕ್ಕೆ ಗುರಿಯಾಗುತ್ತಾರೆ. ಸುಳ್ಳಾದುದು ತುರಿಕೆಯಲ್ಲ, ಬಾಗಿಲು ಬೇರೆಯಾಗಿತ್ತು, ಅಷ್ಟೆ.

ನರಗಳೇ ರೋಗಗ್ರಸ್ತವಾದಾಗ

6 ವಾರಗಳಿಗೆ ಮೀರಿ ನಿಂತ ತುರಿಕೆಯನ್ನು ವೈದ್ಯರು ದೀರ್ಘಕಾಲಿಕವೆಂದು ಕರೆಯುತ್ತಾರೆ. ಇಸಬಿನಂಥ ಚರ್ಮರೋಗದಿಂದ ಅದು ಬರಬಹುದು. ಮೂತ್ರಪಿಂಡ, ಯಕೃತ್ತು, ರಕ್ತ, ಥೈರಾಯ್ಡ್ ಇವುಗಳ ರೋಗಗಳಿಂದಲೂ ಬರಬಹುದು; ಆಗ ಚರ್ಮದಲ್ಲಿ ಗುಳ್ಳೆಯೇ ಇರಲಿಕ್ಕಿಲ್ಲ. ನರಗಳ ರೋಗದಿಂದಲೇ ಬರುವುದೂ ಉಂಟು: ಬೆನ್ನೆಲುಬಿನ ಬಳಿ ನರಕ್ಕೆ ಒತ್ತಡ ಬಿದ್ದರೆ ಭುಜದ ಮೂಳೆಯ ಪಕ್ಕದಲ್ಲಿಯೋ ಮುಂದೋಳಿನಲ್ಲಿಯೋ ತುರಿಕೆ ಕಾಣುತ್ತದೆ, ಸರ್ಪಸುತ್ತು ವಾಸಿಯಾದ ಮೇಲೂ ಆ ಜಾಗ ತುರಿಸುತ್ತಿರಬಹುದು, ಮಧುಮೇಹ ನರಗಳನ್ನು ಕೆಡಿಸಿದಾಗಲೂ ಹಾಗೆಯೇ.

ಮೂಲ ಯಾವುದೇ ಇರಲಿ, ತುರಿಕೆ ಬಹುಕಾಲ ನಿಂತಾಗ ನರಮಂಡಲದ ಸ್ವಭಾವವೇ ಬದಲಾಗುತ್ತದೆ. ಚರ್ಮದ ನರತುದಿಗಳು ಅತಿಸೂಕ್ಷ್ಮವಾಗುತ್ತವೆ. ಬೆನ್ನುಹುರಿಯಲ್ಲಿ ತುರಿಕೆಯನ್ನು ತಡೆದಿಡಬೇಕಾದ ನರಕೋಶಗಳ ಹಿಡಿತ ಸಡಿಲವಾಗುತ್ತದೆ. ಆಗ ಉಣ್ಣೆಯ ಬಟ್ಟೆ ತಗುಲಿದರೆ, ಗಾಳಿ ಸೋಕಿದರೆ, ಬೆವರಿನ ಹನಿ ಇಳಿದರೆ ಸಾಕು, ಬೇರೆಯವರಿಗೆ ಕೇವಲ ಸ್ಪರ್ಶವಾಗಿರುವುದು ಅವರಿಗೆ ತುರಿಕೆಯಾಗುತ್ತದೆ. ಇತರರು ಕೆರೆದುಕೊಳ್ಳುವುದನ್ನು ಕಂಡರೂ ತುರಿಕೆ ಏಳುತ್ತದೆ. ಮನೆಯ ಕಾವಲಿಗೆ ಇಟ್ಟ ನಾಯಿ ಎಲೆ ಬಿದ್ದರೂ ಬೊಗಳತೊಡಗಿದಂತೆ ಇದು. ನಾಯಿ ಸುಳ್ಳಾಗಿ ಬೊಗಳುತ್ತಿಲ್ಲ. ಅದರ ಎಚ್ಚರವೇ ಮಿತಿಮೀರಿದೆ. ‘ಕಲ್ಪನೆ’ ಎಂದು ನಮ್ಮ ಮನೆಯವರು ಅತ್ತೆಯವರಿಗೆ ಹೇಳಿದ ಮಾತು ಎಷ್ಟು ಅನ್ಯಾಯದ್ದೆಂದು ಈಗ ತಿಳಿಯುತ್ತದೆ.

ಆಚಾರ್ಯರ ದೃಷ್ಟಾಂತದ ಸತ್ಯ

ಇನ್ನು ಕೆರೆತದ ವಿಚಾರ. ಉಗುರಿನಿಂದ ಕೆರೆದಾಗ ಸಣ್ಣ ನೋವು ಹುಟ್ಟುತ್ತದೆ. ಆ ನೋವಿನ ಸುದ್ದಿ ಬೆನ್ನುಹುರಿಯಲ್ಲಿ ತುರಿಕೆಯ ಸುದ್ದಿಯನ್ನು ಕ್ಷಣಕಾಲ ತಡೆಯುತ್ತದೆ. ಜೊತೆಗೆ ಮಿದುಳಿನಲ್ಲಿ ತೃಪ್ತಿಗೆ ಸಂಬಂಧಿಸಿದ ಭಾಗಗಳೂ ಪ್ರಚೋದಿತವಾಗುತ್ತವೆ. ‘ಆಹಾ’ ಎನಿಸುವುದು ಇದರಿಂದ. ಆದರೆ ಉಗುರು ಚರ್ಮದ ಹೊರಪದರವನ್ನು ಗಾಯಗೊಳಿಸುತ್ತದೆ. ಗಾಯಗೊಂಡ ಚರ್ಮ ಉರಿಯೂತದ ದ್ರವ್ಯಗಳನ್ನು ಸ್ರವಿಸುತ್ತದೆ. ಅವು ನರತುದಿಗಳನ್ನು ಮತ್ತೆ ಕೆರಳಿಸುತ್ತವೆ. ಇಷ್ಟೇ ಅಲ್ಲ. ನೋವನ್ನು ತಣಿಸಲೆಂದು ಮಿದುಳು ಕಳುಹಿಸುವ ಸೆರೊಟೋನಿನ್ ಎಂಬ ದ್ರವ್ಯವೇ ಬೆನ್ನುಹುರಿಯಲ್ಲಿ ತುರಿಕೆಯ ನರಕೋಶಗಳನ್ನು ಉದ್ರೇಕಿಸುವುದನ್ನು 2014ರಲ್ಲಿ ಪ್ರಾಣಿಗಳಲ್ಲಿ ಸಂಶೋಧಕರು ಕಂಡರು. ತುರಿಕೆಯಿಂದ ಕೆರೆತ, ಕೆರೆತದಿಂದ ಗಾಯ, ಗಾಯದಿಂದ ತುರಿಕೆ: ಈ ಚಕ್ರಕ್ಕೆ ಕೊನೆಯಿಲ್ಲ. ಬಹುಕಾಲ ಕೆರೆದ ಜಾಗದ ಚರ್ಮ ದಪ್ಪಗಾಗಿ, ಕಪ್ಪಾಗಿ, ಗಂಟುಗಟ್ಟುತ್ತದೆ.

ಪೂಜ್ಯಪಾದರು ಹೇಳಿದ ‘ವೇದನೆಯ ಪ್ರತೀಕಾರ’ವೆಂಬ ಮಾತು ಎಷ್ಟು ನಿಖರವಾದುದೆಂದು ಇಲ್ಲಿ ಕಾಣುತ್ತದೆ. ಈ ಮಹಾತ್ಮರು ವೈದ್ಯಶಾಸ್ತ್ರವನ್ನೂ ರಚಿಸಿದ್ದರೆಂದು ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಸ್ಮರಿಸಿದ್ದಾರೆ. ಕೆರೆತದ ಸುಖವನ್ನು ನಂಬಬೇಡವೆಂದು ಹೇಳಿದ ಆಚಾರ್ಯರು ತುರಿಕೆಯನ್ನು ವೇದನೆಯೆಂದೇ ಕರೆದರು, ಕಲ್ಪನೆಯೆನ್ನಲಿಲ್ಲ. ನಾನು ದೃಷ್ಟಾಂತದ ಉತ್ತರಾರ್ಧವನ್ನು ಹಿಡಿದೆ, ಪೂರ್ವಾರ್ಧವನ್ನು ಬಿಟ್ಟೆ. ಕೆರೆತವನ್ನು ಖಂಡಿಸಿದೆ, ವೇದನೆಯನ್ನು ವಿಚಾರಿಸಲಿಲ್ಲ.

ಕರ್ಮೋದಯವೂ ಔಷಧವೂ

‘ಅಸಾತಾ ಕರ್ಮದ ಉದಯಕ್ಕೆ ಔಷಧವೇಕೆ?’ ಎಂದು ಕೆಲವರು ಕೇಳುವುದುಂಟು. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತ ಪಡೆದು ಫಲ ಕೊಡುತ್ತದೆಯೆಂಬುದು ಸಿದ್ಧಾಂತ. ನಿಮಿತ್ತವನ್ನು ದೂರಮಾಡುವ ಪ್ರಯತ್ನ ಸಿದ್ಧಾಂತಕ್ಕೆ ವಿರುದ್ಧವಲ್ಲ. ವಿರುದ್ಧವಾಗಿದ್ದರೆ ಆಹಾರ, ಶಾಸ್ತ್ರ, ಅಭಯಗಳೊಡನೆ ಔಷಧವನ್ನೂ ಸೇರಿಸಿ ಚತುರ್ವಿಧ ದಾನವೆಂದು ಏಕೆ ಹೇಳುತ್ತಿದ್ದರು? ಅಂತರಂಗ ತಪಗಳಲ್ಲಿ ವೈಯಾವೃತ್ಯವನ್ನು ಏಕೆ ಎಣಿಸುತ್ತಿದ್ದರು? ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯ ಸಾಧುಗಳಲ್ಲಿ ರೋಗಪೀಡಿತನಾದ ಗ್ಲಾನನೂ ಒಬ್ಬನು. ಮಹಾವ್ರತಿಯ ರೋಗಕ್ಕೇ ಶುಶ್ರೂಷೆ ವಿಹಿತವಾಗಿರುವಾಗ, ಅಣುವ್ರತಿಯಾದ ಗೃಹಸ್ಥನಿಗೆ ಅದು ಹೇಗೆ ನಿಷಿದ್ಧವಾದೀತು?

ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ವಡ್ಡಾರಾಧನೆಯಲ್ಲಿ ಓದಿದವರು, ಆ ಮಹಾಮುನಿ ಕಚ್ಛು ಮೊದಲಾದ ರೋಗಗಳನ್ನು ಚಿಕಿತ್ಸೆಯಿಲ್ಲದೆ ಸಹಿಸಲಿಲ್ಲವೇ ಎಂದು ಕೇಳಬಹುದು. ಹೌದು, ಸಹಿಸಿದರು. ವೈದ್ಯರ ವೇಷದಲ್ಲಿ ಬಂದ ದೇವನಿಗೆ, ಜನ್ಮಮರಣಗಳ ರೋಗವನ್ನು ಗುಣಪಡಿಸಬಲ್ಲೆಯಾ ಎಂಬ ಭಾವದಿಂದ ಉತ್ತರಿಸಿದರು. ಆದರೆ ಅದು ಅವರು ತಮ್ಮ ದೇಹದ ವಿಷಯದಲ್ಲಿ, ತಮ್ಮ ಶಕ್ತಿಯನ್ನರಿತು ಮಾಡಿದ ನಿರ್ಧಾರ. ಪರೀಷಹಜಯವೆಂಬುದು ತಾನು ತನ್ನ ಮೇಲೆ ತಂದುಕೊಳ್ಳುವ ಹೊರೆ. ಇನ್ನೊಬ್ಬರ ಬೆನ್ನ ಮೇಲೆ ಹೊರಿಸುವ ಹೊರೆಯಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿರುವುದು ಸುಮ್ಮನೆ ಅಲ್ಲ. ನಿದ್ರೆಯಿಲ್ಲದೆ, ರಾತ್ರಿಯೆಲ್ಲ ತುರಿಕೆಯನ್ನೇ ಚಿಂತಿಸುವ ಜೀವ ಪೀಡಾಚಿಂತನವೆಂಬ ಆರ್ತಧ್ಯಾನದಲ್ಲಿ ಮುಳುಗುತ್ತದೆ. ಆರ್ತಧ್ಯಾನವನ್ನು ಹೆಚ್ಚಿಸುವ ಉಪವಾಸದಿಂದ ಯಾವ ನಿರ್ಜರೆಯನ್ನು ನಿರೀಕ್ಷಿಸೋಣ?

ಗೃಹಸ್ಥರು ಗಮನಿಸಬೇಕಾದುದು

ವ್ರತಧಾರಿಗಳ ಮನೆಗಳಿಗೆ ಅನುಭವದಿಂದ ಕೆಲವು ಮಾತುಗಳನ್ನು ಹೇಳುತ್ತೇನೆ.

ತುರಿಕೆ 6 ವಾರಗಳನ್ನು ಮೀರಿದರೆ, ನಿದ್ರೆ ಕೆಡಿಸಿದರೆ, ಚರ್ಮದಲ್ಲಿ ಏನೂ ಕಾಣದೆ ಸರ್ವಾಂಗವೂ ತುರಿಸಿದರೆ, ತೂಕ ಇಳಿದರೆ, ಕಣ್ಣು ಹಳದಿಯಾದರೆ, ಕಾಲು ಊದಿದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಮೂತ್ರಪಿಂಡ, ಯಕೃತ್ತು, ಸಕ್ಕರೆ, ಥೈರಾಯ್ಡ್ ಇವುಗಳ ರಕ್ತಪರೀಕ್ಷೆಯಿಂದ ಎಷ್ಟೋ ಸಂಗತಿ ತಿಳಿಯುತ್ತದೆ.

ಮನೆಯಲ್ಲಿ ಹಲವರಿಗೆ ಒಟ್ಟಿಗೆ, ವಿಶೇಷವಾಗಿ ರಾತ್ರಿ, ತುರಿಕೆಯಿದ್ದರೆ ಅದು ಕಜ್ಜಿಯಿರಬಹುದು. ಆಗ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಆದರೆ ನರಗಳ ತುರಿಕೆಯಾಗಲಿ ಮೂತ್ರಪಿಂಡದ ತುರಿಕೆಯಾಗಲಿ ಅಂಟುರೋಗವಲ್ಲ. ಅಂಥವರ ಪಕ್ಕದಿಂದ ಎದ್ದುಹೋಗುವುದು ಅಜ್ಞಾನ. ನಿರ್ವಿಚಿಕಿತ್ಸಾ ಅಂಗಕ್ಕೆ ಅದು ಕುಂದು.

ನರಗಳ ಅತಿಸೂಕ್ಷ್ಮತೆಯನ್ನು ತಗ್ಗಿಸುವ ಔಷಧಗಳು ಇಂದು ಉಂಟು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ತುರಿಕೆಗೆಂದೇ, ನರಗಳ ಮೇಲೆ ಕೆಲಸ ಮಾಡುವ ಒಂದು ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವನ್ನು ವೈದ್ಯರೇ ಕೊಡಬೇಕು. ಮೂತ್ರಪಿಂಡದ ರೋಗಿಗಳಿಗೆ ಪ್ರಮಾಣ ತೀರ ಕಡಿಮೆ. ಇಂಥ ಔಷಧವನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಹೇಳುವುದುಂಟು. ರಾತ್ರಿ ನೀರನ್ನೂ ತ್ಯಜಿಸಿದವರು ಅದನ್ನು ವೈದ್ಯರಿಗೆ ತಿಳಿಸದೆ, ಮಾತ್ರೆಯನ್ನೂ ನುಂಗದೆ ಸುಮ್ಮನಿರುತ್ತಾರೆ. ಹಾಗೆ ಮಾಡಬಾರದು. ನಿಮ್ಮ ನಿಯಮವನ್ನು ಸಂಕೋಚವಿಲ್ಲದೆ ಹೇಳಿ, ಸೂರ್ಯಾಸ್ತಕ್ಕೆ ಮುಂಚಿನ ವೇಳೆಗೆ ಬದಲಿಸಬಹುದೇ ಎಂದು ಕೇಳಿ. ಬದಲಿಸಲಾಗದಿದ್ದರೆ ಗುರುಗಳ ಸನ್ನಿಧಿಯಲ್ಲಿ ವಿಚಾರಿಸಿ ನಿರ್ಧರಿಸಿ. ಮಧುಮೇಹ, ಮೂತ್ರಪಿಂಡ, ಯಕೃತ್ತಿನ ರೋಗವಿದ್ದವರು ಉಪವಾಸದ ಸಂಕಲ್ಪಕ್ಕೆ ಮುಂಚೆಯೇ ವೈದ್ಯರನ್ನು ಕೇಳಬೇಕು. ನೀರು ಎಷ್ಟು ಕುಡಿಯಬೇಕೆಂಬುದೂ ಒಬ್ಬೊಬ್ಬರಿಗೆ ಒಂದೊಂದು ತೆರನಾಗಿರುತ್ತದೆ. ಉಪವಾಸ ಸಾಧ್ಯವಿಲ್ಲದವರಿಗೆ ರಸತ್ಯಾಗವುಂಟು, ಸ್ವಾಧ್ಯಾಯವುಂಟು, ಮೌನವುಂಟು. ತಪಕ್ಕೆ ಬಾಗಿಲು ಒಂದೇ ಅಲ್ಲ.

ಚರ್ಮ ಒಣಗಿದಷ್ಟೂ ನರತುದಿಗಳು ಕೆರಳುತ್ತವೆ. ಬಿಸಿಬಿಸಿ ನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರು, ಸ್ನಾನವಾದೊಡನೆ ಕೊಬ್ಬರಿ ಎಣ್ಣೆ, ಮೆತ್ತನೆಯ ಹತ್ತಿಯ ಬಟ್ಟೆ, ಗಿಡ್ಡವಾಗಿ ಕತ್ತರಿಸಿದ ಉಗುರು ಇಷ್ಟರಿಂದಲೇ ಅರ್ಧ ಉಪಶಮನ ಕಂಡವರಿದ್ದಾರೆ. ಕೆರೆಯಬೇಕೆನಿಸಿದಾಗ ಒದ್ದೆಬಟ್ಟೆಯ ತಂಪನ್ನಿಡುವುದು ಒಳ್ಳೆಯದು. ತಂಪಿನ ಸಂವೇದನೆ ತುರಿಕೆಯ ಸುದ್ದಿಯನ್ನು ತಗ್ಗಿಸುತ್ತದೆ, ಚರ್ಮಕ್ಕೆ ಗಾಯವೂ ಇಲ್ಲ. ‘ಕೆರೆಯಬೇಡಿ’ ಎಂದು ಗದರುವ ಬದಲು ಆ ಒದ್ದೆಬಟ್ಟೆಯನ್ನು ತಂದುಕೊಡಿರಿ. ವೈಯಾವೃತ್ಯವೆಂದರೆ ಇದೇ.

ಅತ್ತೆಯವರು ಡಯಾಲಿಸಿಸ್ ಆಶ್ರಯದಲ್ಲಿ ಮೂರು ವರ್ಷ ಬದುಕಿದರು. ಔಷಧದಿಂದ ತುರಿಕೆ ಪೂರ್ತಿ ಹೋಗದಿದ್ದರೂ ನಿದ್ರೆ ಬರುವಷ್ಟು ಕಡಿಮೆಯಾಯಿತು. ವೈದ್ಯರು ಅವರ ನಿಯಮವನ್ನು ಕೇಳಿ ಮಾತ್ರೆಯನ್ನು ಸಂಜೆ ಐದು ಗಂಟೆಗೆ ಗೊತ್ತುಮಾಡಿದ್ದರು. ಉಪವಾಸವನ್ನು ಬಿಡಬೇಕಾದುದಕ್ಕೆ ಮೊದಮೊದಲು ಅತ್ತರು. ಆಮೇಲೆ ಎರಡು ಹೊತ್ತು ಸಾಮಾಯಿಕವನ್ನು ಹಿಡಿದರು. ಒಂದು ದಿನ ಸಾಮಾಯಿಕ ಮುಗಿಸಿ ಎದ್ದವರು, ‘ಇವತ್ತು ಮೂರು ಬಾರಿ ತುರಿಕೆ ಎದ್ದಿತು. ಕೈ ಎತ್ತದೆ ನೋಡುತ್ತ ಕುಳಿತೆ. ಎದ್ದಂತೆ ತಾನೇ ಇಳಿದು ಹೋಯಿತು’ ಎಂದರು. ನಾನು ತಲೆ ತಗ್ಗಿಸಿ, ‘ಅತ್ತೆ, ಅಂದು ನಿಮ್ಮ ಕಷ್ಟವನ್ನು ಕೇಳದೆ ಉಪದೇಶ ಮಾಡಿದೆ, ಕ್ಷಮಿಸಿ’ ಎಂದೆ. ‘ನೀನು ಹೇಳಿದ ಮಾತು ಸುಳ್ಳಲ್ಲ ಅಪ್ಪಾ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಆಮೇಲೆ ಹೇಳಬೇಕಾಗಿತ್ತು’ ಎಂದರು.

ಬಂಧುಗಳೇ, ನಮ್ಮ ಮನೆಗಳಲ್ಲಿ ಹಿರಿಯರು, ವ್ರತಿಕರು, ದುಃಖವನ್ನು ಹೇಳಿಕೊಳ್ಳಲು ಸಂಕೋಚಪಡುವ ತಾಯಂದಿರು ಎಷ್ಟೋ ಮಂದಿ ಇದ್ದಾರೆ. ಅವರ ಸಹನೆಯನ್ನು ಹೊಗಳುವುದಕ್ಕೆ ಮುಂಚೆ ಅವರ ವೇದನೆಯನ್ನು ವಿಚಾರಿಸೋಣ. ಮೊದಲು ರೋಗದ ಪರಿಹಾರ, ಅದರಾಚೆಗೆ ಉಳಿದ ವೇದನೆಯಲ್ಲಿ ಸಮತಾಭಾವ: ಈ ಕ್ರಮವನ್ನು ಹಿಡಿದರೆ ದೇಹಕ್ಕೂ ಹಿತ, ಆತ್ಮಕ್ಕೂ ಹಿತ. ಈ ಪರ್ವದಲ್ಲಿ ಪ್ರತಿಯೊಂದು ಮನೆಯವರೂ ಇಂಥ ಒಬ್ಬರನ್ನಾದರೂ ಹತ್ತಿರ ಕುಳಿತು ವಿಚಾರಿಸುವ ನಿಯಮ ಮಾಡಿಕೊಳ್ಳಲೆಂದು ಪ್ರಾರ್ಥಿಸಿ ಈ ಪ್ರವಚನವನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.